ಮೈಕ್‌ನವನ ಎಲೆ

ಚನ್ನರಾಯಪಟ್ಟಣ
೧೨ ಜೂನ್ ೨೦೨೩

ಗುಂಡಯ್ಯನಿಗೆ,

ಕಾಮಾಕ್ಷಮ್ಮ ಬರೆಯುತ್ತಿರುವುದು. ನಂಜಪ್ಪ ಮೈಕ್ ಸೆಟ್‌ನ ಕಾಮಾಕ್ಷಮ್ಮ. ಎಂಟು ವರ್ಷದಲ್ಲಿ ನನ್ನ ಅಕ್ಷರ ಮರೆತಿರಲಾರೆ ಅಂದುಕೊಂಡಿದ್ದೇನೆ. ನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಐದನೆಯ ಸಲ ನಿನ್ನ ಮಗಳು ಶೋಭಿತಾ ಎತ್ತಿ, "ಅಪ್ಪ ಮಾತಾಡಾಕಿಲ್ವಂತೆ ಕಣಮ್ಮ, ಏನಿದ್ರೂ ಬರ್ದು ಕಳ್ಸಬೇಕಂತೆ" ಅಂದಳು. ಅವಳಿಗೆ ಗೊರೂರಿನ ನೀರಾವರಿ ಇಲಾಖೆಯಲ್ಲಿ ಕೆಲಸ ಸಿಕ್ಕ ಮೇಲೆ ನೀನೂ ಅರ್ಜಿ ಇಲ್ಲದೆ ಮಾತಾಡುವುದಿಲ್ಲವೇನೋ. ಆಗಲಿ, ಬರೆದೇ ಕಳಿಸುತ್ತೇನೆ.

ನನ್ನ ಮೇಲೆ ವ್ಯಾಟ್ ಕೇಸು ನಡೆಯುತ್ತಿದೆ. ೨೦೧೪-೧೫ನೇ ಸಾಲಿನದು. ಆ ತೆರಿಗೆಯೇ ಈಗಿಲ್ಲ, ಜಿಎಸ್‌ಟಿ ಬಂದು ಆರು ವರ್ಷವಾಯಿತು, ಆದರೆ ಹಳೇ ಕಡತಗಳಿಗೆ ಸಾವಿಲ್ಲ. ಕಾನೂನು ಹೀಗಂತೆ: ಸಾಮಾನನ್ನು ಗಿರಾಕಿಯ ಕೈಗೆ ಒಪ್ಪಿಸಿ ಬಾಡಿಗೆ ತೆಗೆದುಕೊಂಡರೆ ಅದು ಮಾರಿದ್ದಕ್ಕೆ ಸಮ, ವ್ಯಾಟ್ ಕಟ್ಟಬೇಕು. ಸಾಮಾನಿನ ಜೊತೆ ನಮ್ಮ ಆಳೇ ಹೋಗಿ, ನಮ್ಮ ಕೈಯಲ್ಲೇ ಇಟ್ಟುಕೊಂಡು ಕೆಲಸ ಮಾಡಿಕೊಟ್ಟರೆ ಅದು ಸೇವೆ, ವ್ಯಾಟ್ ಇಲ್ಲ. ಸೇವಾ ತೆರಿಗೆಯನ್ನು ನಾನು ಆಗಲೇ ಕಟ್ಟಿದ್ದೇನೆ. ಒಂದೇ ಮದುವೆಗೆ ಎರಡೆರಡು ತೆರಿಗೆ ಕಟ್ಟು ಅಂದರೆ ನಾನು ಕಟ್ಟುವವಳಲ್ಲ. ಕೆಳಗಿನ ಅಪೀಲಿನಲ್ಲಿ ಸೋತೆ. ಈಗ ಬೆಂಗಳೂರಿನ ನ್ಯಾಯಮಂಡಳಿಯಲ್ಲಿದೆ. ಬಡ್ಡಿ, ದಂಡ ಎಲ್ಲ ಸೇರಿ ಎಂಟು ಲಕ್ಷ ಕೇಳುತ್ತಿದ್ದಾರೆ. ಅಂಗಡಿ ಮಾರಿದರೂ ಅಷ್ಟು ಹುಟ್ಟುವುದಿಲ್ಲ.

ಇಷ್ಟಕ್ಕೆಲ್ಲ ಕಾರಣ ನಮ್ಮ ಬಿಲ್ ಪುಸ್ತಕ. ನಮ್ಮವರ ಜಿಪುಣತನ ನಿನಗೆ ಗೊತ್ತೇ ಇದೆ. ಹೊಸ ಅಚ್ಚಿಗೆ ದುಡ್ಡು ಯಾಕೆ ಎಂದು ಪಕ್ಕದ ಪಾತ್ರೆ ಬಾಡಿಗೆ ಅಂಗಡಿಯ ಬಿಲ್ಲನ್ನೇ ಪ್ರೆಸ್ಸಿಗೆ ಕೊಟ್ಟು, ಮೇಲೆ ನಮ್ಮ ಹೆಸರು ಹಾಕಿಸಿ ಐವತ್ತು ಪುಸ್ತಕ ಮಾಡಿಸಿದ್ದರು. ಕೆಳಗೆ ಅದೇ ಒಕ್ಕಣೆ: "ಸಾಮಾನುಗಳನ್ನು ಗಿರಾಕಿಯ ಸ್ವಾಧೀನಕ್ಕೆ ಕೊಡಲಾಗಿದೆ. ಹಾಳಾದರೆ ಗಿರಾಕಿಯೇ ಹೊಣೆ." ಪರಾತ, ಕೊಳದಪ್ಪಲೆಗೆ ಸರಿ. ಮೈಕಿಗೆ? ಅವರು ತೀರಿಕೊಂಡ ಮೇಲೂ ಅದೇ ಪುಸ್ತಕ ಹರಿದು ಹರಿದು ಕೊಟ್ಟೆ. ಓದಿ ನೋಡಿದವರು ಯಾರು? ತೆರಿಗೆ ಅಧಿಕಾರಿ ಓದಿದ.

ಹಾಸನದ ಅಮರನಾಥ ವಕೀಲರು ಒಂದು ಪ್ರಮಾಣಪತ್ರ ಬರೆಸಿದ್ದಾರೆ. "ಹದಿನಾಲ್ಕು ವರ್ಷದ ಕೆಲಸದಲ್ಲಿ ನಾನು ಯಾವತ್ತೂ ಮೈಕ್ ಸೆಟ್ ಬಿಟ್ಟು ಕದಲಿಲ್ಲ" ಎಂದು. ಸಹಿ ಮಾಡಿ ಕಳಿಸು. ಆ ಹಿರೀಸಾವೆ ಕಡೆಯ ಮದುವೆಯ ವಿಷಯ ನಾನು ಎತ್ತುವುದಿಲ್ಲ, ನೀನೂ ಎತ್ತಬೇಡ. ಅದನ್ನು ನಾನು ಯಾವತ್ತೋ ಮನ್ನಿಸಿದ್ದೇನೆ.

ಕಾಮಾಕ್ಷಮ್ಮ


ಗೊರೂರು
೧ ಜುಲೈ ೨೦೨೩

ಕಾಮಾಕ್ಷಮ್ಮನವರಿಗೆ ಗುಂಡಯ್ಯನ ನಮಸ್ಕಾರ.

ಕಾಗದ ಬಂತು. ಪ್ರಮಾಣಪತ್ರವನ್ನು ಸಹಿ ಮಾಡದೆ ಹಿಂದಕ್ಕೆ ಕಳಿಸುತ್ತಿದ್ದೇನೆ, ಕೋಪ ಮಾಡಿಕೊಳ್ಳಬಾರದು. ಅದರಲ್ಲಿ ಎರಡು ತಪ್ಪುಗಳಿವೆ. ನಮ್ಮ ದೊಡ್ಡ ಆಂಪ್ಲಿಫೈಯರ್ ಐನೂರು ವಾಟ್‌ನದು, ವಕೀಲರು ಇನ್ನೂರೈವತ್ತು ಎಂದು ಬರೆದಿದ್ದಾರೆ. ಎರಡನೆಯದು, "ಯಾವತ್ತೂ ಬಿಟ್ಟು ಕದಲಿಲ್ಲ" ಎಂಬ ಮಾತು. ಒಂದು ದಿನ ಕದಲಿದ್ದೇನೆ. ಅದು ನಿಮಗೂ ಗೊತ್ತು, ನನಗೂ ಗೊತ್ತು. ಪ್ರಮಾಣ ಮಾಡಿ ಸುಳ್ಳು ಹೇಳು ಅಂದರೆ ನನ್ನ ಕೈಯಲ್ಲಾಗದು.

ರುದ್ರಪಟ್ಟಣದ ಸಂಗೀತೋತ್ಸವದಲ್ಲಿ ಮೈಕಿನ ಮುಂದೆ ಕೂತವರು ಕೆಮ್ಮಿದರೂ ನಾನು ಗುಂಡಿ ಮುಟ್ಟುವಷ್ಟು ಹತ್ತಿರದಲ್ಲಿರುತ್ತಿದ್ದೆ. ಅರಕಲಗೂಡಿನ ನಾಟಕಕ್ಕೆ, ಹೊಳೆನರಸೀಪುರದ ಸಭೆಗಳಿಗೆ, ಎಲ್ಲದಕ್ಕೂ ಹಾಗೆಯೇ. ಅಷ್ಟನ್ನು ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ.

ಒಂದು ಮಾತು ಕೇಳಬೇಕು. ತೆರಿಗೆ ಇಲಾಖೆಯವರು ಮಾದರಿಗೆಂದು ಕೆಲವು ಬಿಲ್ಲು ಹಿಡಿದಿದ್ದಾರೆ ಎಂದು ಪ್ರಮಾಣಪತ್ರದಲ್ಲಿದೆ, ಅವುಗಳಲ್ಲಿ ಆ ಮದುವೆಯದೂ ಇದೆಯೇ? ನೀವು ಬರೆದಿಲ್ಲ. ಇರಬೇಕು ಅಂತ ನನಗೆ ಅನ್ನಿಸುತ್ತಿದೆ.

ಮನ್ನಿಸಿದ್ದೇನೆ ಎಂದು ಬರೆದಿದ್ದೀರಿ. ಓದಿದೆ.

ಗುಂಡಯ್ಯ


ಚನ್ನರಾಯಪಟ್ಟಣ
೯ ಜುಲೈ ೨೦೨೩

ಗುಂಡಯ್ಯನಿಗೆ,

ಇದೆ. ಹಿಡಿದಿರುವುದು ನಾಲ್ಕು ಬಿಲ್ಲು, ಅದರಲ್ಲಿ ಆ ಮದುವೆಯದೂ ಒಂದು. ಒಂದು ಬಿದ್ದರೂ ಇಡೀ ವರ್ಷದ ಲೆಕ್ಕ ಬೀಳುತ್ತದಂತೆ. ಬರೆದರೆ ನೀನು ಹೆದರುತ್ತೀಯ ಅಂದುಕೊಂಡು ಬರೆದಿರಲಿಲ್ಲ. ಹೆದರುವವನು ನೀನಲ್ಲ ಎಂಬುದು ನೆನಪಿರಬೇಕಿತ್ತು.

ಉಳಿದ ಮೂರನ್ನು ನಾನೇ ಗೆದ್ದ ಹಾಗೆಯೇ, ಕೇಳು. ಮೈಕ್‌ನವನು ಸೆಟ್ ಹತ್ತಿರವೇ ಇದ್ದ ಎಂಬುದಕ್ಕೆ ಸಾಕ್ಷಿ ಎಲ್ಲಿದೆ ಎಂದು ಅಮರನಾಥರು ತಲೆ ಕೆರೆದುಕೊಂಡರು. ನಾನು ಹೇಳಿದೆ, "ಮೈಕ್‌ನೋರಿಗೆ ಊಟ ಹಾಕ್ದೆ ಯಾವ ಸಮಾರಂಭ ನಡೀತದೆ ಸಾ? ಊಟ ಹಾಕಿದ್ಮೇಲೆ ಎಲೆ ಲೆಕ್ಕ ಇದ್ದೇ ಇರ್ತದೆ." ವಕೀಲರಿಗೆ ಇದೆಲ್ಲಿ ಹೊಳೆಯಬೇಕು, ಅವರು ಯಾವಾಗಲೂ ಮೊದಲ ಪಂಕ್ತಿಯವರು. ಬಸ್ಸು ಹತ್ತಿ ಮೂರು ಊರು ತಿರುಗಿದೆ. ರುದ್ರಪಟ್ಟಣದ ಸಮಿತಿಯವರ ಊಟದ ಪುಸ್ತಕದಲ್ಲಿ ಐದೂ ದಿನ "ಮೈಕ್‌ನವರು ೨" ಎಂದಿದೆ. ಅರಕಲಗೂಡಿನಲ್ಲಿ ರಾತ್ರಿ ಉಪ್ಪಿಟ್ಟಿನ ಲೆಕ್ಕವೂ ಇದೆ. ಹೊಳೆನರಸೀಪುರದವರು ನಿಮಗೆ ಕೊಟ್ಟ ತಾಂಬೂಲ, ತೆಂಗಿನಕಾಯಿಯನ್ನೂ ಬರೆದಿಟ್ಟಿದ್ದಾರೆ. ಎಲ್ಲದರ ನಕಲು ತಂದಿದ್ದೇನೆ.

ಆ ಮದುವೆಗೆ ಅಡುಗೆ ಮಾಡಿದ್ದ ನಟರಾಜನೂ ಪಟ್ಟಿ ಹುಡುಕಿಕೊಟ್ಟ. ವಾಲಗದವರು ೬, ಫೋಟೋದವರು ೩, ಬಸ್ಸಿನ ಡ್ರೈವರು ೨. ಮೈಕ್‌ನವರು ಎಂಬ ಸಾಲೇ ಇಲ್ಲ. ನಿನಗೆ ಎಲೆ ಹಾಕಲಿಲ್ಲವೇ? ಅಥವಾ ಹೈವೇ ಹೋಟೆಲಿನ ಆಸೆಗೆ ನೀನೇ ಬೇಡವೆಂದೆಯಾ? ಆವತ್ತು ನೀನು ಊಟಕ್ಕೆ ಹೋದ ಹೊತ್ತಿನಲ್ಲಿ ಕರೆಂಟು ಹೋಗಿ, ಜನರೇಟರ್ ಹಾಕಿದಾಗ ಆಂಪ್ಲಿಫೈಯರ್ ಸುಟ್ಟಿತು. ಅಷ್ಟು ನನಗೆ ಗೊತ್ತು. ಯಾಕೆ ಹೋದೆ ಎಂದು ನೀನು ಹೇಳಿರಲಿಲ್ಲ. ಈಗಲಾದರೂ ಹೇಳು. ಒಂದು ಗಂಟೆಯ ವಿಷಯಕ್ಕೆ ಎಂಟು ಲಕ್ಷ ಕಳೆದುಕೊಳ್ಳಲು ನನಗಿಷ್ಟವಿಲ್ಲ.

ಕಾಮಾಕ್ಷಮ್ಮ


ಚನ್ನರಾಯಪಟ್ಟಣ
೨೦ ಆಗಸ್ಟ್ ೨೦೨೩

ಗುಂಡಯ್ಯ,

ನಲವತ್ತು ದಿನವಾದರೂ ಉತ್ತರವಿಲ್ಲ. ನಿನ್ನೆ ಆ ಮದುವೆ ಮನೆಗೆ ನಾನೇ ಹೋಗಿದ್ದೆ.

ಹೆಣ್ಣಿನ ಅಜ್ಜಿ ಇನ್ನೂ ಗಟ್ಟಿಯಾಗಿದ್ದಾರೆ. ನಮ್ಮ ಕಡೆಯವರೇ ಎಂದು ಒಳಗೆ ಕೂರಿಸಿ ಕಾಫಿ ಕೊಟ್ಟರು. ಮದುವೆಯ ಸುದ್ದಿ ತೆಗೆದು, ಮೈಕ್‌ನವನಿಗೆ ಊಟ ಹಾಕಿದ್ದಿರಾ ಎಂದು ಕೇಳಿದೆ. ಅವರು ಏನೂ ಮುಚ್ಚಿಡಲಿಲ್ಲ. ಮುಚ್ಚಿಡಬೇಕಾದ ಮಾತು ಎಂದು ಅವರಿಗೆ ಅನ್ನಿಸಿಯೂ ಇರಲಿಲ್ಲ.

"ಅಯ್ಯೋ, ಪಂಕ್ತೀಲಿ ಬಂದು ಕುಂತ್ಕೊಂಡ್ಬುಟ್ಟಿದ್ದ ಕಣವ್ವ. ಯಾವ ಕೇರಿಯೋನು ಅಂತ ಯಾರೋ ಕೇಳುದ್ರು. ಏಳಪ್ಪ, ಕೊಟ್ಟಿಗೆ ಇಂದೆ ಇಕ್ಕುಸ್ತೀವಿ ಅಂದೋ. ಅಷ್ಟಕ್ಕೇ ಎದ್ದು ಒಂಟೋಗ್ಬುಟ್ಟ. ಎಂಥಾ ಸಿಟ್ಟು ಅಂತೀನಿ!"

ಅಷ್ಟು ಹೊತ್ತಿಗೆ ನನ್ನ ಕಾಫಿ ಮುಗಿದಿತ್ತು. ಮುಗಿಯದಿದ್ದರೆ ಬಿಟ್ಟು ಏಳುತ್ತಿದ್ದೆ ಎಂದು ಬರೆಯಬೇಕೆಂದುಕೊಂಡೆ. ಆದರೆ ಏಳುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ.

ಆವತ್ತು ಅಂಗಡಿಯಲ್ಲಿ ಯಾಕೆ ಹೇಳಲಿಲ್ಲ ನೀನು?

ಕಾಮಾಕ್ಷಮ್ಮ


ಗೊರೂರು
೩ ಸೆಪ್ಟೆಂಬರ್ ೨೦೨೩

ಕಾಮಾಕ್ಷಮ್ಮನವರಿಗೆ,

ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀರಿ. ನೀವು ಕೇಳಲಿಲ್ಲ ಅಮ್ಮಾವ್ರೆ. ಸುಟ್ಟ ಆಂಪ್ಲಿಫೈಯರನ್ನು ಹೊತ್ತು ತಂದು ಅಂಗಡಿಯಲ್ಲಿ ಇಳಿಸಿ, "ಊಟಕ್ಕೋಗಿದ್ದೆ, ಅಷ್ಟೊತ್ತಿಗೆ ಇಂಗಾಯ್ತು" ಅಂದೆ. ನೀವು ಅಂದ ಮಾತು ನನಗೆ ಹಾಗೆಯೇ ನೆನಪಿದೆ. "ಮದ್ವೆ ಮನೇಲಿ ಊಟ ಇಟ್ಕಂಡು ಓಟ್ಲಿಗೋಯ್ತೀಯಾ? ಏನ್ ದುರಹಂಕಾರ ಲಾ ನಿಂಗೆ!" ಆ ಮೇಲೆ ನಾನು ಬಾಯಿ ಬಿಡಲಿಲ್ಲ. ದುರಹಂಕಾರವೆಂದೇ ಇರಲಿ, ಪಾಪ ಅನ್ನಿಸಿಕೊಳ್ಳುವುದಕ್ಕಿಂತ ಅದು ವಾಸಿ ಅನ್ನಿಸಿತು.

ಅಜ್ಜಿ ಹೇಳಿದ್ದು ನಿಜ. ನಾನು ಕೇಳದೆ ಕೂತಿರಲಿಲ್ಲ, ಬಡಿಸುವವರೇ ಕರೆದು ಕೂರಿಸಿದ್ದರು. ಎಲೆಗೆ ನೀರು ಚಿಮುಕಿಸಿ ಒರೆಸಿ, ಉಪ್ಪು ಬಡಿಸಿದ್ದೂ ಆಗಿತ್ತು. ಎಲೆಯ ಮುಂದಿನಿಂದ ಎಬ್ಬಿಸಿದರು. ಬೆಳಗಿನಿಂದ ಅವರ ಮನೆಯ ಒಂದೊಂದು ಹೆಸರನ್ನೂ ಮೈಕಿನಲ್ಲಿ ಕೂಗಿ, ಬಂದವರನ್ನೆಲ್ಲ ಊಟಕ್ಕೆ ಕರೆದವನೂ ನಾನೇ. ಆವತ್ತು ಜೊತೆಗೆ ಹುಡುಗನೂ ಇರಲಿಲ್ಲ. ವಾಲ್ಯೂಮ್ ತಗ್ಗಿಸಿ, ರಸ್ತೆಯ ಹೋಟೆಲಿಗೆ ನಡೆದು ಹೋಗಿ ದುಡ್ಡು ಕೊಟ್ಟು ಉಂಡೆ. ತಿರುಗಿ ಬರುವಾಗ ದೂರಕ್ಕೇ ಸುಟ್ಟ ವಾಸನೆ ಬಂತು. ಸೆಟ್ ಬಿಟ್ಟು ಹೋದದ್ದು ತಪ್ಪೇ. ಅದಕ್ಕೆ ಹದಿನೆಂಟು ಸಾವಿರ ಮುರಿದುಕೊಂಡಿರಿ, ತಿಂಗಳಿಗೆ ಎರಡು ಸಾವಿರದಂತೆ ಒಂಬತ್ತು ತಿಂಗಳು. ಕೊನೆಯ ಕಂತು ಮುಗಿದ ಮಾರನೆಯ ದಿನ ಕೆಲಸ ಬಿಟ್ಟೆ. ಬಾಕಿ ಇಟ್ಟು ಓಡಿದ ಎಂಬ ಮಾತು ಬರಬಾರದು ಎಂದು ಅಲ್ಲಿಯವರೆಗೆ ಕಾದೆ.

ಕೊಟ್ಟಿಗೆಯ ಹಿಂದಿನ ಎಲೆ ನನಗೆ ಹೊಸದಲ್ಲ. ನಿಮ್ಮಲ್ಲೂ ಹದಿನಾಲ್ಕು ವರ್ಷ ಕಾಫಿ ಕುಡಿದಿದ್ದೇನೆ, ಜಗುಲಿಯ ಮೇಲೆ, ಹಸಿರು ಗೀಟಿನ ಲೋಟದಲ್ಲಿ. ಆ ಲೋಟಕ್ಕೆ ಬೇರೆ ಯಾರೂ ಬಾಯಿಟ್ಟಿದ್ದನ್ನು ನೋಡಲಿಲ್ಲ.

ಇಷ್ಟು ಬರೆದ ಮೇಲೆ ಹಗುರವಾಗಿದೆ. ಪ್ರಮಾಣಪತ್ರ ನಾನೇ ಬರೆದು ಲಗತ್ತಿಸಿದ್ದೇನೆ. ಆ ಒಂದು ಗಂಟೆಯೂ ಅದರಲ್ಲಿದೆ. ಯಾಕೆ ಹೋದೆ ಎಂಬುದು ಇಲ್ಲ. ಬೇಕಾದರೆ ಉಪಯೋಗಿಸಿ, ಬೇಡವಾದರೆ ಹರಿದು ಹಾಕಿ.

ಗುಂಡಯ್ಯ


ಚನ್ನರಾಯಪಟ್ಟಣ
೧೮ ಅಕ್ಟೋಬರ್ ೨೦೨೩

ಗುಂಡಯ್ಯನವರಿಗೆ,

ಇಷ್ಟು ದಿನ ಬರೆಯಲು ಕೈ ಏಳಲಿಲ್ಲ. ಆ ಲೋಟವನ್ನು ಹುಡುಕಿದೆ. ಅಂಗಡಿಯ ಕಿಟಕಿಯಲ್ಲಿ ಸ್ಕ್ರೂಗಳನ್ನು ತುಂಬಿಕೊಂಡು ಕೂತಿತ್ತು. ನಾನೇ ಕೊಂಡು ತಂದ ಲೋಟ, ನಾನೇ ಬೇರೆ ಇಡಿಸಿದ್ದು. ಈ ತಪ್ಪನ್ನು ತೀರಿಕೊಂಡವರ ಮೇಲೆ ಹಾಕಲು ನನಗೆ ದಾರಿಯಿಲ್ಲ. ತಪ್ಪು ನನ್ನದು. ದುರಹಂಕಾರ ಎಂದದ್ದೂ ತಪ್ಪು, ದುಡ್ಡು ಮುರಿದದ್ದೂ ತಪ್ಪು. ಮನ್ನಿಸಿದ್ದೇನೆ ಎಂದು ಬರೆದೆನಲ್ಲ, ಅದನ್ನು ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಈಗ ಕೇಸಿನ ವಿಷಯ. ನಿಮ್ಮ ಪ್ರಮಾಣಪತ್ರ ಓದಿ ಅಮರನಾಥರು ಕನ್ನಡಕ ತೆಗೆದಿಟ್ಟರು. "ಕಾಮಾಕ್ಷಮ್ಮ, ಇದನ್ನ ಹಾಕಿದ್ರೆ ಮುಳುಗ್ತೀರಿ. ಬಿಟ್ಟು ಹೋಗಿದ್ದ ಅಂತ ನೀವೇ ಒಪ್ಪಿಕೊಂಡ ಹಾಗೆ" ಅಂದರು. ತೆರಿಗೆಯ ಮೂರು ಲಕ್ಷ ಕಟ್ಟಿ ಕೇಸು ಹಿಂದಕ್ಕೆ ತೆಗೆದುಕೊಂಡರೆ ಬಡ್ಡಿ, ದಂಡ ಮನ್ನಾ ಮಾಡುವ ಯೋಜನೆ ಇದೆ, ಅದಕ್ಕೆ ಹೋಗಿ ಎಂದು ಸಲಹೆ ಕೊಟ್ಟರು. ನಾನು ಎದ್ದು ಬಾಗಿಲವರೆಗೂ ಬಂದಿದ್ದೆ. ಹಿಂದಿನಿಂದ ಕೇಳಿದರು: "ಅಂದ ಹಾಗೆ, ಆ ಸುಟ್ಟ ಆಂಪ್ಲಿಫೈಯರಿನ ದುಡ್ಡು ಯಾರು ಕೊಟ್ಟರು?"

ಹೇಳಿದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಹಾಳಾದರೆ ಗಿರಾಕಿಯೇ ಹೊಣೆ ಎಂದು ಬಿಲ್ಲಿನಲ್ಲಿದೆ. ಸಾಮಾನು ಗಿರಾಕಿಯ ಸ್ವಾಧೀನದಲ್ಲಿದ್ದಿದ್ದರೆ ನಾನು ಮದುವೆ ಮನೆಯವರನ್ನು ಕೇಳಬೇಕಿತ್ತು. ಕೇಳಲಿಲ್ಲ. ನನ್ನ ಆಳಿನ ಸಂಬಳದಲ್ಲಿ ಮುರಿದೆ. ಅಂದಮೇಲೆ ಸಾಮಾನು ಆ ಗಂಟೆಯಲ್ಲೂ ನಿಮ್ಮ ಹೊಣೆಯಲ್ಲೇ, ನಮ್ಮ ಅಂಗಡಿಯ ಕೈಯಲ್ಲೇ ಇತ್ತು. ಬಿಲ್ಲಿನ ಒಕ್ಕಣೆ ಬರೀ ಅಚ್ಚಿನದು, ನಡೆದದ್ದು ಬೇರೆ. ಸಂಬಳದ ಪುಸ್ತಕದಲ್ಲಿ ಒಂಬತ್ತು ಕಡೆ ನನ್ನ ಕೈಬರಹದಲ್ಲೇ ಇದೆ: "ಗುಂಡಯ್ಯ, ಆಂಪ್ಲಿಫೈಯರ್ ಬಾಬ್ತು ಮುರಿ." ನಾನು ನಿಮಗೆ ಮಾಡಿದ ಅನ್ಯಾಯವೇ ನನ್ನ ಪಾಲಿನ ದೊಡ್ಡ ಸಾಕ್ಷಿ.

ಮೂರು ಲಕ್ಷ ಕಟ್ಟಿದರೆ ಆ ಪುಸ್ತಕವನ್ನು ಯಾರೂ ನೋಡುವುದಿಲ್ಲ. ಕೋರ್ಟಿಗೆ ಹಾಕಿದರೆ ಯಾಕೆ ಎದ್ದು ಹೋದ ಎಂದು ಕೇಳೇ ಕೇಳುತ್ತಾರೆ, ನಿಮ್ಮನ್ನು ಎಬ್ಬಿಸಿದ ವಿಷಯ ಎಲ್ಲರೆದುರು ಓದಬೇಕಾಗುತ್ತದೆ. ನನ್ನ ಮಾನದ ಯೋಚನೆ ಬಿಡಿ, ಅದನ್ನು ನಾನು ನೋಡಿಕೊಳ್ಳುತ್ತೇನೆ. ನಿಮ್ಮದಕ್ಕೆ ನಿಮ್ಮ ಅಪ್ಪಣೆ ಬೇಕು. ಬೇಡ ಎಂದರೆ ನಾಳೆಯೇ ದುಡ್ಡು ಕಟ್ಟಿ ಮುಗಿಸುತ್ತೇನೆ, ಒಂದು ಮಾತೂ ಆಡುವುದಿಲ್ಲ.

ಕಾಮಾಕ್ಷಮ್ಮ


ಗೊರೂರು
೨೪ ಅಕ್ಟೋಬರ್ ೨೦೨೩

ಕಾಮಾಕ್ಷಮ್ಮನವರಿಗೆ,

ಗುಂಡಯ್ಯನವರಿಗೆ ಎಂದು ಲಕೋಟೆಯ ಮೇಲೆ ನೋಡಿ, ಬೇರೆ ಯಾರದೋ ಕಾಗದ ನಮ್ಮ ಮನೆಗೆ ಬಂದಿದೆ ಎಂದು ಹಿಂದಕ್ಕೆ ಕೊಡಲು ಹೊರಟಿದ್ದೆ. ಶೋಭಿತಾ ತಡೆದಳು.

ಓದಿಸಿ. ಹೊಸ ಪ್ರಮಾಣಪತ್ರ ಇದರ ಜೊತೆಗಿದೆ. ನನ್ನ ಹೆಸರು, ನಮ್ಮ ಕೇರಿ, ಎಲೆಯಿಂದ ಎಬ್ಬಿಸಿದ್ದು, ಕೊಟ್ಟಿಗೆ, ಎಲ್ಲವನ್ನೂ ಬರೆದಿದ್ದೇನೆ. ಅದನ್ನು ಓದಿದರೆ ನನ್ನ ಮಾನ ಯಾಕೆ ಹೋಗಬೇಕು? ನಾನು ಯಾರನ್ನೂ ಎಬ್ಬಿಸಿಲ್ಲ. ಒಂಬತ್ತು ವರ್ಷ ಇದನ್ನು ಒಳಗಿಟ್ಟುಕೊಂಡದ್ದೇ ದಡ್ಡತನ ಎಂದು ಶೋಭಿತಾ ಬಯ್ದಳು. "ತಲೆ ತಗ್ಗುಸ್ಬೇಕಾದೋರು ಅವ್ರು ಕಣಪ್ಪ" ಅಂದಳು. ಸರಿಯಾಗಿಯೇ ಹೇಳಿದಳು.

ವಕೀಲರಿಗೆ ಹೇಳಿ, ಓದುವಾಗ ಮೈಕಿಗೆ ತೀರಾ ಹತ್ತಿರ ಬಾಯಿ ಇಡಬಾರದು, ನಾಲ್ಕು ಬೆರಳು ಬಿಟ್ಟರೆ ಮಾತು ಸ್ಪಷ್ಟವಾಗಿ ಕೇಳುತ್ತದೆ.

ಗುಂಡಯ್ಯ


ಚನ್ನರಾಯಪಟ್ಟಣ
೨೯ ಫೆಬ್ರವರಿ ೨೦೨೪

ಗುಂಡಯ್ಯನವರಿಗೆ,

ಗೆದ್ದೆವು! ನಾಲ್ಕು ಬಿಲ್ಲೂ ಗೆದ್ದೆವು. ಅಪೀಲಿಗೆಂದು ಮೊದಲು ಕಟ್ಟಿಸಿಕೊಂಡಿದ್ದ ಠೇವಣಿಯನ್ನೂ ಹಿಂದಕ್ಕೆ ಕೊಡಬೇಕು ಎಂದು ಆದೇಶವಾಗಿದೆ. ವಿಚಾರಣೆಯ ದಿನ ನೀವು ಬರಬೇಕಿತ್ತು. ಜ್ವರ ಎಂದು ಶೋಭಿತಾ ಫೋನಿನಲ್ಲಿ ಹೇಳಿದಳು. ನಿಜವೋ ಸುಳ್ಳೋ ನಾನು ಕೇಳುವುದಿಲ್ಲ.

ಅಮರನಾಥರು ಊಟದ ಪುಸ್ತಕಗಳನ್ನು ಒಂದೊಂದಾಗಿ ಇಟ್ಟರು. ಉಪ್ಪಿಟ್ಟಿನ ಲೆಕ್ಕ ಬಂದಾಗ ಎಲ್ಲರೂ ನಕ್ಕರು. ನಿಮ್ಮ ಪ್ರಮಾಣಪತ್ರ ಓದುವಾಗ ಯಾರೂ ನಗಲಿಲ್ಲ. ಇಲಾಖೆಯ ವಕೀಲರು ಎದ್ದು, ಬಿಟ್ಟು ಹೋದ ಮೇಲೆ ಸಾಮಾನು ಮದುವೆ ಮನೆಯವರ ಕೈಗೆ ಬಂತಲ್ಲ ಎಂದರು. ಪೀಠದಲ್ಲಿದ್ದ ಹೆಣ್ಣುಮಗಳು ನನ್ನನ್ನೇ ನೋಡಿ ಕೇಳಿದರು.

"ಸುಟ್ಟದ್ದಕ್ಕೆ ಮದುವೆ ಮನೆಯವರನ್ನು ದುಡ್ಡು ಕೇಳಿದಿರಾ?"

"ಇಲ್ಲ ಮೇಡಂ. ಅವ್ರ ಕೈಗೆ ಕೊಟ್ಟಿದ್ರಲ್ವಾ ಕೇಳೋದು? ನಮ್ಮ ಗುಂಡಯ್ಯನ ಸಂಬಳದಲ್ಲೇ ಮುರ್ಕಂಡೆ."

"ಯಾಕೆ ಎದ್ದು ಹೋದರು ಎಂದು ಆಗ ವಿಚಾರಿಸಿದಿರಾ?"

"ಇಲ್ಲ ಮೇಡಂ."

ಅವರು ಸಂಬಳದ ಪುಸ್ತಕದ ಒಂಬತ್ತು ಹಾಳೆಗಳನ್ನೂ ತಿರುವಿ ನೋಡಿದರು. ಗೆಲ್ಲುತ್ತೇವೆ ಎಂದು ನನಗೆ ಆಗಲೇ ಗೊತ್ತಾಯಿತು.

ಇದರೊಂದಿಗೆ ನಲವತ್ತೇಳು ಸಾವಿರದ ನೂರ ಅರವತ್ತು ರೂಪಾಯಿಯ ಚೆಕ್ ಇದೆ. ಮುರಿದುಕೊಂಡ ಹದಿನೆಂಟು ಸಾವಿರ, ಅದರ ಮೇಲೆ ಒಂಬತ್ತು ವರ್ಷದ ಬಡ್ಡಿ. ಇಲಾಖೆ ನನಗೆ ಹಾಕಿದ್ದ ದರವನ್ನೇ ನನಗೆ ನಾನು ಹಾಕಿಕೊಂಡಿದ್ದೇನೆ, ತಿಂಗಳಿಗೆ ನೂರಕ್ಕೆ ಒಂದೂವರೆ.

ಇನ್ನೊಂದು ಸಂತೋಷದ ವಿಷಯ. ನನ್ನ ಮಗಳು ಧನ್ಯಾಳ ಮದುವೆ ಏಪ್ರಿಲ್ ಇಪ್ಪತ್ತೊಂದಕ್ಕೆ, ಇಲ್ಲಿಯೇ. ನೀವು ಕೆಲಸ ಬಿಟ್ಟ ಮೇಲೆ ನಮ್ಮ ಸೆಟ್ಟಿನ ದನಿ ಯಾವತ್ತೂ ಸರಿಯಾಗಿಲ್ಲ, ಒಂದು ದಿನ ಕೀರಲು, ಒಂದು ದಿನ ಗೊಗ್ಗರು. ಆವತ್ತು ಮೈಕ್ ನಿಮ್ಮ ಕೈಯಲ್ಲಿರಬೇಕು ಎಂದು ನನ್ನ ಆಸೆ. ಹೊಸ ಮಿಕ್ಸರ್ ತರಿಸಿದ್ದೇನೆ, ಮೊದಲು ನೀವೇ ಮುಟ್ಟಬೇಕು. ಬೇಡ ಅನ್ನಬೇಡಿ.

ನಿಮ್ಮ
ಕಾಮಾಕ್ಷಮ್ಮ


ಗೊರೂರು
೧೦ ಮಾರ್ಚ್ ೨೦೨೪

ಕಾಮಾಕ್ಷಮ್ಮನವರಿಗೆ ನಮಸ್ಕಾರ.

ಗೆದ್ದದ್ದು ಕೇಳಿ ಬಹಳ ಸಂತೋಷವಾಯಿತು. ಜ್ವರ ಸುಳ್ಳು. ಓದುವಾಗ ಎದುರಿಗೆ ಕೂತಿರಲು ಆಗುವುದಿಲ್ಲ ಅನ್ನಿಸಿತು. ಈಗ ಹೋಗಿ ಕೇಳಬಹುದಿತ್ತು ಅನ್ನಿಸುತ್ತಿದೆ.

ಚೆಕ್ ತೆಗೆದುಕೊಂಡಿದ್ದೇನೆ. ಬೇಡ ಎಂದು ದೊಡ್ಡತನ ತೋರಿಸುವವನು ನಾನಲ್ಲ, ಅದು ನನ್ನ ದುಡ್ಡು. ಆದರೆ ನೀವು ಬಡ್ಡಿಯನ್ನು ಕೊನೆಯ ಕಂತಿನ ದಿನದಿಂದ ಹಾಕಿದ್ದೀರಿ. ಮೊದಲ ಕಂತು ಮುರಿದದ್ದು ಅದಕ್ಕೂ ಎಂಟು ತಿಂಗಳು ಮುಂಚೆ. ಒಂದೊಂದು ಕಂತಿಗೂ ಬೇರೆ ಬೇರೆ ಹಾಕಿದರೆ ಇನ್ನೂ ಸಾವಿರದ ಎಂಬತ್ತು ರೂಪಾಯಿ ಬರಬೇಕು. ಶೋಭಿತಾ ಎರಡು ಸಲ ಗುಣಿಸಿ ನೋಡಿದ್ದಾಳೆ. ನಿಧಾನವಾಗಿ ಕಳಿಸಿ, ಅವಸರವೇನಿಲ್ಲ.

ದನಿ ಗೊಗ್ಗರಾಗುವುದಕ್ಕೆ ಕಾರಣ ನನ್ನ ಗೈರುಹಾಜರಿಯಲ್ಲ, ಹಳೇ ಕೇಬಲ್ಲು. ಎಡಗಡೆಯ ಸ್ಪೀಕರ್ ಡಬ್ಬಿಯ ತಂತಿ ಬದಲಾಯಿಸಿ, ಹೊಸ ಮಿಕ್ಸರ್ ನಿಮ್ಮ ಈಗಿನ ಹುಡುಗರ ಕೈಗೇ ಕೊಡಿ.

ಧನ್ಯಾಳ ಮದುವೆಗೆ ಬರುತ್ತೇನೆ. ಅವಳು ಚಿಕ್ಕವಳಿದ್ದಾಗ ನನ್ನ ಪಕ್ಕ ಕೂತು "ಹಲೋ, ಮೈಕ್ ಟೆಸ್ಟಿಂಗ್" ಅನ್ನುತ್ತಿದ್ದಳು, ಅವಳ ಮದುವೆಗೆ ಬರದಿರಲು ಆಗುತ್ತದೆಯೇ? ಶೋಭಿತಾಳೂ ಬರುತ್ತಾಳೆ. ಆದರೆ ಮೈಕಿಗೆ ಬೇರೆ ಯಾರಿಗಾದರೂ ಹೇಳಿ.

ನಾನು ಊಟಕ್ಕೆ ಬರುತ್ತೇನೆ. ಒಳಗೆ, ಪಂಕ್ತಿಯಲ್ಲಿ ಎರಡು ಎಲೆ ಹಾಕಿಸಿ.

ಗುಂಡಯ್ಯ